ಕೊಡಗಿಗೆ ಹೊಸಬರೇ? ಮನೆ ಸುತ್ತಲಿನ ಹಾವುಗಳ ಜೊತೆ ಬದುಕುವ ಬಗೆ

ಬಯಲುಸೀಮೆಯವನಾದ ನಾನು ವರ್ಗವಾಗಿ ವಿರಾಜಪೇಟೆ ಕಡೆಯ ಹಳ್ಳಿಯೊಂದಕ್ಕೆ ಬಂದಿಳಿದದ್ದು ಜೂನ್ ಕೊನೆಯಲ್ಲಿ. ಕಾಫಿ ತೋಟದ ಅಂಚಿನ ಹಂಚಿನ ಮನೆ, ಹಿಂದೆ ಆಳೆತ್ತರದ ಬರೆ (ಕಡಿದಾದ ಮಣ್ಣಿನ ದಿಬ್ಬ), ಬಚ್ಚಲಲ್ಲಿ ಹಂಡೆ ಒಲೆ. ಹದಿನೈದು ದಿನವೂ ಆಗಿರಲಿಲ್ಲ. ಒಂದು ಸಂಜೆ ಒಲೆಗೆಂದು ಸೌದೆ ಎಳೆದರೆ ಅದರ ಹಿಂದಿನಿಂದ ಬೆರಳು ದಪ್ಪದ, ಬಿಳಿ ಪಟ್ಟೆಯ ಹಾವೊಂದು ಸರ್ರನೆ ಗೋಡೆ ಹತ್ತಿತು. ‘ಕಟ್ಟುಹಾವು!’ ಎಂದು ಕಿರುಚಿದೆ. ಪಕ್ಕದ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಹುಡುಗ ಓಡಿ ಬಂದು ಕೋಲಿನಲ್ಲಿ ಅದರ ಕತೆ ಮುಗಿಸಿದ. ಮನೆಯ ಮಾಲೀಕರು, ಎಪ್ಪತ್ತು ದಾಟಿದ ಸಾಹುಕಾರರು, ಟಾರ್ಚ್ ಹಿಡಿದು ಬಂದು ಬಗ್ಗಿ ನೋಡಿದರು. ‘ಇದು ತೋಳಹಾವು ಮಾರಾಯ್ರೆ, ಹಲ್ಲಿ ಹಿಡಿಯೋಕೆ ಬಂದದ್ದು. ಇದಕ್ಕೆ ವಿಷ ಇಲ್ಲ’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಸೌದೆಯನ್ನ ಗೋಡೆಗೆ ಒತ್ತಿ ಜೋಡಿಸಿದ್ದು ಯಾರು?’

ಜೋಡಿಸಿದ್ದು ನಾನೇ. ಹನ್ನೊಂದು ಮಳೆಗಾಲ ಕಳೆದರೂ ಆ ಪ್ರಶ್ನೆ ನನ್ನ ಜೊತೆಗಿದೆ. ಹೊಸದಾಗಿ ಬಂದವರೆಲ್ಲ ‘ಇದು ಯಾವ ಹಾವು’ ಎಂದು ಕೇಳುತ್ತಾರೆ. ‘ಇದು ಇಲ್ಲಿಗೇಕೆ ಬಂತು’ ಎಂದು ಕೇಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಹಾವು ಬರುವುದು ಇಲಿ, ಕಪ್ಪೆ, ಹಲ್ಲಿಗಾಗಿ, ಇಲ್ಲವೇ ಒಣಗಿದ ಬೆಚ್ಚಗಿನ ಸಂದಿಗಾಗಿ. ಇವೆರಡನ್ನೂ ಒದಗಿಸುತ್ತಿರುವವರು ನಾವೇ.

1. ಸಾಮಾನು ಬಿಚ್ಚುವ ಮೊದಲು

ಹತ್ತಿರದ ಯಾವ ಸರಕಾರಿ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಪ್ರತಿವಿಷ ಇದೆ, ರಾತ್ರಿ ವೈದ್ಯರು ಇರುತ್ತಾರೆಯೇ, ವೆಂಟಿಲೇಟರ್ ಬೇಕಾದರೆ ಅಲ್ಲಿಂದ ಎಲ್ಲಿಗೆ ಕಳಿಸುತ್ತಾರೆ ಎಂಬುದನ್ನು ಖುದ್ದು ಹೋಗಿ ಕೇಳಿಕೊಂಡು ಬನ್ನಿ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿನ ಜಿಲ್ಲಾ ಆಸ್ಪತ್ರೆ ಇದೆ, ವಿರಾಜಪೇಟೆ ಮತ್ತು ಸೋಮವಾರಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಆದರೆ ಭೂಪಟದಲ್ಲಿ ಹತ್ತಿರ ಕಾಣುವ ಆಸ್ಪತ್ರೆ ಆಗಸ್ಟ್ ತಿಂಗಳ ರಸ್ತೆಯಲ್ಲಿ ಹತ್ತಿರವಲ್ಲ. ಮರ ಬಿದ್ದರೆ, ಬರೆ ಕುಸಿದರೆ ಬಳಸುವ ದಾರಿ ಯಾವುದೆಂದೂ ಗೊತ್ತಿರಲಿ. ಆಂಬುಲೆನ್ಸ್‌ಗೆ 108, ಅರಣ್ಯ ಇಲಾಖೆಯ ಸಹಾಯವಾಣಿ 1926. ಇವೆರಡರ ಕೆಳಗೆ ನಿಮ್ಮ ವಲಯದ ಅರಣ್ಯ ಕಚೇರಿಯ ನಂಬರು, ಇಲಾಖೆಯವರು ಕಳಿಸುವ ಹಾವು ಹಿಡಿಯುವವರ ನಂಬರು, ಹೊತ್ತಲ್ಲದ ಹೊತ್ತಿನಲ್ಲಿ ಜೀಪು ತೆಗೆಯುವ ನೆರೆಯವರ ನಂಬರು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಮೊಬೈಲಿನಲ್ಲಿ ಮಾತ್ರ ಇದ್ದರೆ ಸಾಲದು. ಮಳೆಗಾಲದಲ್ಲಿ ಕರೆಂಟು ಹೋಗಿ ಮೂರು ದಿನವಾದರೆ ಮೊಬೈಲೂ ಸತ್ತಿರುತ್ತದೆ.

2. ಯಾರ್‍ಯಾರಿದ್ದಾರೆ ನೋಡಿ

ಹಾವಿನ ಹೆಸರೆಲ್ಲ ಬಾಯಿಪಾಠ ಬೇಡ. ವಿಷದ ಆರೇಳನ್ನು ಗುರುತಿಸಲು ಕಲಿತರೆ ಸಾಕು. ಉಳಿದದ್ದನ್ನು ದೂರದಿಂದ ನೋಡಿ ದಾರಿ ಬಿಡಿ.

ನಾಗರಹಾವು ಎಲ್ಲರಿಗೂ ಗೊತ್ತು, ಹೆಡೆ ಬಿಚ್ಚಿದರೆ. ಬಿಚ್ಚದೆ ಸರಿದು ಹೋಗುತ್ತಿದ್ದರೆ ಅದನ್ನು ಕೇರೆ ಎಂದುಕೊಳ್ಳುವವರೇ ಹೆಚ್ಚು. ಕೊಳಕುಮಂಡಲದ ಮೈಮೇಲೆ ಸರಪಳಿ ಹಾಕಿದಂತೆ ಮೂರು ಸಾಲು ಕಂದು ಉಂಗುರಗಳು. ದಪ್ಪ ಮೈ, ಕುಕ್ಕರ್ ಕೂಗಿದ ಹಾಗೆ ಬುಸುಗುಟ್ಟುವಿಕೆ. ಹೆಬ್ಬಾವಿನ ಮರಿ ಎಂದು ಇದನ್ನು ಕೈಯಲ್ಲಿ ಎತ್ತಿಕೊಂಡು ಪಡಬಾರದ ಪಾಡು ಪಟ್ಟವರಿದ್ದಾರೆ. ಹೆಬ್ಬಾವಿನ ಮಚ್ಚೆಗಳು ಹರಿದ ಬಟ್ಟೆಯ ತೇಪೆಯಂತೆ ಅಡ್ಡಾದಿಡ್ಡಿ, ಮಂಡಲದವು ಅಚ್ಚು ಒತ್ತಿದಂತೆ ಒಂದೇ ಸಮ.

ಕಟ್ಟುಹಾವು ರಾತ್ರಿಯದು. ಮಿರುಗುವ ಕಪ್ಪು ಮೈ, ತೆಳು ಬಿಳಿ ಪಟ್ಟೆ, ಹೆಚ್ಚಾಗಿ ಜೋಡಿ ಜೋಡಿ. ನಾನು ಕಿರುಚಿ ಕೊಲ್ಲಿಸಿದ ತೋಳಹಾವಿನಲ್ಲಿ ಪಟ್ಟೆಗಳು ಕುತ್ತಿಗೆಯಿಂದಲೇ ಶುರುವಾಗಿ ಬಾಲದ ಕಡೆಗೆ ಮಸುಕಾಗುತ್ತವೆ. ಕಟ್ಟುಹಾವಿನಲ್ಲಿ ತಲೆಯ ಹತ್ತಿರ ಮಸುಕು, ಬಾಲದ ಕಡೆ ಸ್ಪಷ್ಟ. ಅರೆಬೆಳಕಿನಲ್ಲಿ ಈ ಪರೀಕ್ಷೆ ಮಾಡಲು ಹೋಗಬೇಡಿ. ಪಟ್ಟೆ ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುವುದೇ ಪರೀಕ್ಷೆ.

ಬಯಲುಸೀಮೆಯಿಂದ ಬಂದವರಿಗೆ ಹೊಸದು ಗುಳಿಮಂಡಲಗಳು. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಸಣ್ಣ ಗುಳಿ ಇರುತ್ತದೆ. ಬಿಸಿರಕ್ತದ ಪ್ರಾಣಿಯ ಶಾಖವನ್ನು ಅದರಿಂದ ಅರಿತು ಕತ್ತಲಲ್ಲೂ ಗುರಿಯಿಡುತ್ತದೆ. ಮಲಬಾರ್ ಗುಳಿಮಂಡಲ ಹಸಿರು, ಕಂದು, ಹಳದಿ ಹೀಗೆ ನಾನಾ ಬಣ್ಣಗಳಲ್ಲಿ ಇರುತ್ತದೆ. ಮಳೆಗಾಲದಲ್ಲಿ ಗಿಡದ ಕೊಂಬೆಯ ಮೇಲೆ ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತದೆ. ಇನ್ನೊಂದು, ಮೂಗಿನ ತುದಿ ಮೇಲಕ್ಕೆ ಚೂಪಾಗಿ ಎದ್ದ ಗಿಡ್ಡ ಕಂದು ಹಾವು, ಗೇಣೆರಡು ಉದ್ದ ಇದ್ದರೆ ಹೆಚ್ಚು. ತರಗೆಲೆಯಲ್ಲಿ ಬಿದ್ದಿದ್ದರೆ ಅದೂ ಒಂದು ತರಗೆಲೆಯೇ. ನೋಡಲು ಬಡಪಾಯಿ. ಆದರೆ ಕಚ್ಚಿದರೆ ಊತದ ಜೊತೆಗೆ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲದು.

ಕಾಳಿಂಗ ಸರ್ಪದ ಮಾತು ಬೇರೆ. ಪಶ್ಚಿಮಘಟ್ಟದ ಕಾಳಿಂಗವನ್ನು 2024ರಲ್ಲಿ ವಿಜ್ಞಾನಿಗಳು ಪ್ರತ್ಯೇಕ ಪ್ರಭೇದವೆಂದು ವಿಂಗಡಿಸಿ ‘ಓಫಿಯೋಫೇಗಸ್ ಕಾಳಿಂಗ’ ಎಂದು ನಮ್ಮ ಕನ್ನಡದ ಹೆಸರನ್ನೇ ಇಟ್ಟರು. ಇದರ ಮುಖ್ಯ ಆಹಾರ ಬೇರೆ ಹಾವುಗಳು. ಕೇರೆಯ ಬೆನ್ನು ಹತ್ತಿ ಬಂದು ಅಂಗಳ ದಾಟಿ ಹೋಗುತ್ತದೆ. ಹನ್ನೆರಡು ಅಡಿಯ ಹಾವು ಅಂಗಳದಲ್ಲಿ ಎದೆಯೆತ್ತಿ ನಿಂತರೆ ಎದೆ ಹೊಡೆದುಕೊಳ್ಳದವರು ಯಾರು? ಆದರೂ ಮನುಷ್ಯರನ್ನು ಅದು ಕಚ್ಚುವುದು ಬಲು ಅಪರೂಪ. ಬೇಸಿಗೆಯಲ್ಲಿ, ಏಪ್ರಿಲ್ ಆಸುಪಾಸು, ಹೆಣ್ಣು ಹಾವು ತರಗೆಲೆ ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆಯಿಟ್ಟು ಕಾವಲು ಕೂರುತ್ತದೆ. ತೋಟದ ಮೂಲೆಯಲ್ಲಿ, ಬಿದಿರು ಮೆಳೆಯ ಬುಡದಲ್ಲಿ ಹಾಗೆ ಯಾರೋ ಗುಡಿಸಿಟ್ಟಂತಹ ಗುಡ್ಡೆ ಕಂಡರೆ ಕೋಲು ಹಾಕಿ ಕೆದಕದೆ ಅರಣ್ಯ ಇಲಾಖೆಗೆ ತಿಳಿಸಿ.

ಇನ್ನು ಕೇರೆ, ಒಳ್ಳೆಹಾವು, ಹಸಿರು ಹಾವು, ಕೊಂಬೇರಿ ಮೂರ್ಖ, ಬರೆ ಅಗೆದಾಗ ಸಿಗುವ ಮೊಂಡುಬಾಲದ ಮಣ್ಣುಹಾವುಗಳು. ಇವುಗಳಿಂದ ನಿಮ್ಮ ಜೀವಕ್ಕೆ ಅಪಾಯವಿಲ್ಲ. ಹಸಿರು ಹಾವು ಕಣ್ಣಿಗೆ ಕುಕ್ಕುತ್ತದೆ, ಕೊಂಬೇರಿ ಮೂರ್ಖ ಕಚ್ಚಿ ಮರ ಹತ್ತಿ ಸುಡುಗಾಡಿನ ಹೊಗೆ ನೋಡುತ್ತದೆ ಎಂಬ ಕತೆಗಳನ್ನು ನಿಮಗೂ ಯಾರಾದರೂ ಹೇಳುತ್ತಾರೆ. ಕತೆ ಚೆನ್ನಾಗಿದೆ, ಅಷ್ಟೇ.

3. ಮನೆಗೆ ಒಂದು ಸುತ್ತು ಬನ್ನಿ

ಹಗಲು ಹೊತ್ತಿನಲ್ಲಿ, ಬೂಟು ಹಾಕಿಕೊಂಡು, ಇಲಿಯ ಕಣ್ಣಿನಲ್ಲಿ ಮನೆಯನ್ನು ನೋಡುತ್ತಾ ಸುತ್ತು ಹಾಕಿ.

ಮೊದಲು ಸೌದೆ. ಗೋಡೆಯಿಂದ ನಾಲ್ಕಾರು ಅಡಿ ದೂರಕ್ಕೆ, ಕಲ್ಲು ಅಥವಾ ಕಂಬಿಯ ಮೇಲೆ ನೆಲದಿಂದ ಒಂದಡಿ ಎತ್ತರಕ್ಕೆ ಏರಿಸಿ ಜೋಡಿಸಿ. ಕೆಳಗೆ ಪೊರಕೆ ಆಡುವಂತಿರಬೇಕು. ಬಚ್ಚಲೊಳಗೆ ಆ ದಿನದ ಸೌದೆ ಮಾತ್ರ ಇರಲಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಇದು ಹೇಳುವಷ್ಟು ಸುಲಭವಲ್ಲ, ಗೊತ್ತು. ನಾನು ಮಾಡಿಕೊಂಡ ಉಪಾಯವೆಂದರೆ ಸೂರಿನ ಕೆಳಗೆ ಕಬ್ಬಿಣದ ಸ್ಟ್ಯಾಂಡು. ಆಮೇಲೆ ಹೆಚ್ಚುವರಿ ಹಂಚು, ಇಟ್ಟಿಗೆ, ಮುರಿದ ಪೈಪು, ಹಳೇ ಗೋಣಿಚೀಲ. ‘ಎಂದಾದರೂ ಬೇಕಾಗುತ್ತೆ’ ಎಂದು ಇಟ್ಟ ಹಂಚಿನ ರಾಶಿಯಷ್ಟು ಒಳ್ಳೆಯ ಹಾವಿನ ಮನೆ ಇನ್ನೊಂದಿಲ್ಲ.

ಮನೆ ಹಿಂದಿನ ಬರೆಯನ್ನು ನಿಧಾನವಾಗಿ ನೋಡಿ. ಬಾಯಿಯ ಮಣ್ಣು ನುಣುಪಾಗಿ ಸವೆದ ಬಿಲವಿದ್ದರೆ, ಪಕ್ಕದಲ್ಲಿ ಪೊರೆ ಸಿಕ್ಕಿದರೆ ಅಲ್ಲಿ ವಾಸ ಉಂಟು. ಒಳಗಿರುವಾಗಲೇ ಬಿಲ ಮುಚ್ಚಿದರೆ ಅದು ಇನ್ನೊಂದು ಸಂದಿ ಹುಡುಕಿಕೊಂಡು ಹೊರಬರುತ್ತದೆ, ಆ ಕಡೆ ನಿಮ್ಮ ಅಡುಗೆಮನೆಯೇ ಆಗಿರಬಹುದು. ಬಿಲದ ಬಾಯಿಗೆ ಸಂಜೆ ಬೂದಿ ಚೆಲ್ಲಿ, ನಾಲ್ಕೈದು ದಿನ ಬೆಳಿಗ್ಗೆ ಗುರುತು ನೋಡಿ. ಓಡಾಟವಿಲ್ಲವೆಂದು ಖಾತ್ರಿಯಾದ ಮೇಲೆ ಜಲ್ಲಿಕಲ್ಲು ಸೇರಿಸಿ ಮುಚ್ಚಿ. ಕಲ್ಲು ಕಟ್ಟಿದ ಬರೆಯಾದರೆ ಸಂದುಗಳಿಗೆ ಸಿಮೆಂಟು ತುಂಬಿ, ಆದರೆ ನೀರು ಬಸಿಯುವ ತೂತುಗಳನ್ನು ಮುಚ್ಚಬೇಡಿ. ಅವನ್ನು ಮುಚ್ಚಿದರೆ ಮಳೆಯಲ್ಲಿ ಬರೆಯೇ ಮನೆಯೊಳಗೆ ಬರುತ್ತದೆ. ಅಲ್ಲಿಗೆ ಜಾಲರಿ ಸಾಕು.

ಕೋಳಿಗೂಡಿನ ಬಗ್ಗೆ ಹೊಸಬರು ಯೋಚಿಸುವುದೇ ಇಲ್ಲ. ಚೆಲ್ಲಿದ ಕಾಳಿಗೆ ಇಲಿ, ಇಲಿಗೂ ಮೊಟ್ಟೆಗೂ ಹಾವು. ಸಂಜೆ ಕಾಳು ಗುಡಿಸಿ ತೆಗೆಯಿರಿ, ಅರ್ಧ ಇಂಚಿಗಿಂತ ಸಣ್ಣ ಕಣ್ಣಿನ ಜಾಲರಿ ಹಾಕಿ. ನಾಯಿಯ ಊಟದ ತಟ್ಟೆಗೂ ಇದೇ ಮಾತು. ಭತ್ತದ ಗದ್ದೆ ಪಕ್ಕದಲ್ಲಿದ್ದರೆ ಪುತ್ತರಿ (ಸುಗ್ಗಿ ಹಬ್ಬ) ಕಳೆದು ಕೊಯ್ಲು ಮುಗಿಯುತ್ತಲೇ, ಗದ್ದೆಯ ಇಲಿಗಳು ಪತ್ತಾಯದ (ಭತ್ತದ ಕಣಜದ) ದಾರಿ ಹಿಡಿಯುತ್ತವೆ. ಅವುಗಳ ಹಿಂದೆ ಯಾರು ಬರುತ್ತಾರೆಂದು ಹೇಳಬೇಕಾಗಿಲ್ಲ.

ಮನೆ ಸುತ್ತ ಐದಾರು ಅಡಿ ಹುಲ್ಲು ಸಣ್ಣಗಿರಲಿ. ಹಂಚಿಗೆ ತಾಗುವ ಕೊಂಬೆ ಕಡಿಯಿರಿ. ಮನೆಯ ಎಲ್ಲೆಯಲ್ಲಿ ನಾಗಬನವೋ ದೇವರಕಾಡೋ ಇದ್ದರೆ ಅಲ್ಲಿಗೆ ನಿಮ್ಮ ಕತ್ತಿ ಹೋಗುವುದು ಬೇಡ. ಕೊಡಗಿನಲ್ಲಿ ಸಾವಿರಕ್ಕೂ ಮೀರಿ ದೇವರಕಾಡುಗಳಿವೆ, ಅಲ್ಲಿ ಮರ ಕಡಿಯಬಾರದೆಂಬುದು ಊರಿನ ಕಟ್ಟು. ಹಾವುಗಳಿಗೆ ಅಲ್ಲಿ ನೆಲೆ ಇದ್ದಷ್ಟೂ ನಿಮ್ಮ ಬಚ್ಚಲಿನ ಅಗತ್ಯ ಕಡಿಮೆ ಎನ್ನುವುದು ನನ್ನ ಲೆಕ್ಕ.

ಮತ್ತೆ ಫಿನಾಯಿಲ್, ಬೆಳ್ಳುಳ್ಳಿ ನೀರು, ಗಂಧಕ, ನುಸಿಗುಳಿಗೆ? ಯಾವುದೂ ಹಾವನ್ನು ತಡೆಯುವುದಿಲ್ಲ. ಕಾರ್ಬಾಲಿಕ್ ಆಸಿಡ್ ಅಂತೂ ಬೇಡವೇ ಬೇಡ. ಹಾವು ಅದನ್ನು ದಾಟಿಕೊಂಡು ಹೋಗುತ್ತದೆ, ಸುಟ್ಟುಕೊಳ್ಳುವುದು ಮಗು ಅಥವಾ ನಾಯಿ. ಆ ದುಡ್ಡಿಗೆ ಒಂದು ಇಲಿಬೋನು ತನ್ನಿ. ಇಲಿ ಪಾಷಾಣ ಹಾಕಿದರೆ ಸತ್ತ ಇಲಿ ಅಟ್ಟದಲ್ಲಿ ನಾರುತ್ತದೆ, ಅದನ್ನು ತಿಂದ ಬೆಕ್ಕೂ ಗೂಬೆಯೂ ಸಾಯುತ್ತವೆ.

4. ಬಾಗಿಲ ಒಳಗೆ

ಹಾವಿನ ಮರಿಗೆ ಪೆನ್ಸಿಲ್ ತೂರುವಷ್ಟು ಜಾಗ ಸಾಕು. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿ. ಹಳೆಯ ಮನೆಗಳಲ್ಲಿ ಬಚ್ಚಲಿನ ನೀರು ಹೋಗುವ ತೂತು ನೇರ ತೋಟಕ್ಕೆ ತೆರೆದಿರುತ್ತದೆ, ಅದಕ್ಕೆ ಸ್ಟೀಲ್ ಜಾಲರಿ ಕೂರಿಸಿ. ಗಾಳಿಕಿಂಡಿ, ಪೈಪು ಗೋಡೆ ತೂರುವ ಜಾಗ, ವೈರಿನ ತೂತು, ಎಲ್ಲಕ್ಕೂ ಒಂದು ಭಾನುವಾರ ಸಾಕಾಗುತ್ತದೆ. ಹಂಚಿನ ಮನೆಯನ್ನು ಪೂರ್ತಿ ಮುಚ್ಚಲು ಮಾತ್ರ ಆಗುವುದಿಲ್ಲ. ಹಾಗಾಗಿ ಮಲಗುವ ಕ್ರಮ ಮುಖ್ಯ.

ಕಟ್ಟುಹಾವಿನ ಕಡಿತಗಳು ಹೆಚ್ಚಾಗಿ ಆಗುವುದು ರಾತ್ರಿ, ನೆಲದ ಮೇಲೆ ಮಲಗಿದವರಿಗೆ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ. ಹೊದಿಕೆ ನೆಲಕ್ಕೆ ಇಳಿಬೀಳದಿರಲಿ. ಲೈನ್ ಮನೆಗಳಲ್ಲಿ ನೆಲದ ಮೇಲೆ ಮಲಗುವ ಕುಟುಂಬಗಳಿದ್ದರೆ, ತೋಟ ನಿಮ್ಮದಾದರೆ, ಮಂಚ ಮತ್ತು ಪರದೆ ಕೊಡಿಸುವುದು ನಿಮ್ಮ ಜವಾಬ್ದಾರಿ. ಧರ್ಮಕ್ಕೆ ಕೊಟ್ಟಂತೆ ಕೊಡಬೇಡಿ.

ಗಂಬೂಟು, ಶೂ, ಹೆಲ್ಮೆಟ್ ಹೊರಗಿಟ್ಟಿದ್ದರೆ ಕೊಡವಿ ಹಾಕಿಕೊಳ್ಳಿ. ಗಂಬೂಟನ್ನು ಕೋಲಿಗೆ ತಲೆಕೆಳಗಾಗಿ ಸಿಕ್ಕಿಸಿಡುವುದು ಇಲ್ಲಿಯ ತೋಟಗಳಲ್ಲಿ ಕಂಡ ಒಳ್ಳೆಯ ಪದ್ಧತಿ. ಕಪ್ಪೆಯೂ ಸೇರುವುದಿಲ್ಲ, ನೀರೂ ನಿಲ್ಲುವುದಿಲ್ಲ.

5. ತೋಟಕ್ಕಿಳಿದಾಗ

ಮನೆಗಿಂತ ಹೆಚ್ಚು ಜನ ಕಚ್ಚಿಸಿಕೊಳ್ಳುವುದು ಕೆಲಸದ ಜಾಗದಲ್ಲಿ. ಪಕ್ಕದ ತೋಟದಲ್ಲಿ ಮೂವತ್ತು ವರ್ಷದಿಂದ ಹಣ್ಣು ಕುಯ್ಯುವ ಅಕ್ಕ ಒಬ್ಬರು ನನಗೆ ಹೇಳಿಕೊಟ್ಟದ್ದು ಇಷ್ಟೇ: ‘ಕಣ್ಣು ಮೊದಲು ಹೋಗ್ಲಿ ಅಣ್ಣ, ಕೈ ಆಮೇಲೆ.’ ಕಾಫಿ ಗಿಡಕ್ಕೆ ಕೈ ಹಾಕುವ ಮೊದಲು ಅವರು ಒಂದು ಕೊಂಬೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ ಸೊಂಟದಿಂದ ಎದೆಮಟ್ಟದವರೆಗೆ ಕಣ್ಣಾಡಿಸುತ್ತಾರೆ. ಗುಳಿಮಂಡಲ ಕೂರುವ ಎತ್ತರ ಅದು, ಮುಖಕ್ಕೂ ಹತ್ತಿರ.

ಅದಕ್ಕಿಂತ ಅಪಾಯದ್ದು ಉದುರಿದ ಹಣ್ಣು ಹೆಕ್ಕುವುದು. ಬಗ್ಗಿ ಕುಳಿತು ತರಗೆಲೆಯಲ್ಲಿ ಬೆರಳಾಡಿಸುವ ಕೆಲಸ. ಮೂಗೆತ್ತಿದ ಆ ಗಿಡ್ಡ ಹಾವು ಇರುವುದೂ ಅಲ್ಲೇ. ಬರಿಗೈಯಲ್ಲಿ ಎಲೆ ಸರಿಸಬೇಡಿ, ಸಣ್ಣ ಕವೆಗೋಲಿನಿಂದ ಸರಿಸಿ, ಆಮೇಲೆ ಹೆಕ್ಕಿ. ದಪ್ಪ ಕೈಗವಸು ಹಾಕಿದರೆ ಕೆಲಸ ನಿಧಾನವಾಗುತ್ತದೆ ಎಂದು ಗೊಣಗುವವರಿದ್ದಾರೆ. ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಟ್ಟರೆ ಗೊಣಗುವುದು ಸಹಜ. ಹೆಕ್ಕುವ ಕೆಲಸಕ್ಕಾದರೂ ದಿನಗೂಲಿ ಕೊಟ್ಟರೆ ಅವಸರ ತಗ್ಗುತ್ತದೆ.

ಕದಂಗದ (ಹಳೆಯ ಕಾಲದ ಕಂದಕದ) ಏರಿ ಹತ್ತುವಾಗ ಆಸರೆಗೆಂದು ಮೇಲಿನ ಕಲ್ಲನ್ನೋ ಬೇರನ್ನೋ ಕಣ್ಣು ಮುಚ್ಚಿ ಹಿಡಿಯಬಾರದು. ಬಿದ್ದ ಮರವನ್ನು ಹಾರಿ ದಾಟದೆ, ಮೊದಲು ಅದರ ಮೇಲೆ ಕಾಲಿಟ್ಟು ಆಚೆ ಬದಿ ನೋಡಿ ಇಳಿಯಿರಿ. ಮೆಣಸು ಕುಯ್ಯುವಾಗ ಬಳ್ಳಿಯೊಳಗೆ ಹಸಿರು ಹಾವು ಕಂಡು ಗಾಬರಿಯಾಗಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡವರನ್ನು ನೋಡಿದ್ದೇನೆ. ಹಾವು ಏನೂ ಮಾಡಿರಲಿಲ್ಲ.

ಮಂಡಿಯವರೆಗಿನ ಗಂಬೂಟು ಹಾಕದೆ ಕಳೆ ಕೊಚ್ಚಲು ಯಾರನ್ನೂ ಬಿಡಬೇಡಿ. ಕತ್ತಲಾದ ಮೇಲೆ ಶೌಚಕ್ಕೋ ನಾಯಿ ಕಟ್ಟಲೋ ನಾಲ್ಕು ಹೆಜ್ಜೆ ಇಡುವುದಿದ್ದರೂ ಕೈಯಲ್ಲಿ ಟಾರ್ಚ್ ಇರಲಿ. ಮೊಬೈಲಿನ ಬೆಳಕು ಮಂಜಿನಲ್ಲಿ ಮಂಜನ್ನಷ್ಟೇ ತೋರಿಸುತ್ತದೆ.

6. ಹಾವು ಕಂಡಾಗ

ಹೊರಗೆ ಕಂಡರೆ ನಿಂತಲ್ಲೇ ನಿಂತು, ಅದು ಯಾವ ಕಡೆ ಹೋಗಬಯಸುತ್ತದೆ ನೋಡಿ ಆ ದಾರಿ ಬಿಡಿ. ಮಕ್ಕಳನ್ನು, ನಾಯಿಯನ್ನು ಒಳಗೆ ಕರೆದುಕೊಳ್ಳಿ. ಹತ್ತು ನಿಮಿಷದಲ್ಲಿ ಹೆಚ್ಚಿನವು ತಾವಾಗಿ ಹೋಗುತ್ತವೆ.

ಮನೆಯೊಳಗೆ ಕಂಡರೆ ಆ ಕೋಣೆಯಿಂದ ಎಲ್ಲರೂ ಹೊರಬಂದು, ಒಳಬಾಗಿಲು ಮುಚ್ಚಿ, ಅದರ ಸಂದಿಗೆ ಒದ್ದೆ ಗೋಣಿ ತುರುಕಿ, ಹೊರಕ್ಕೆ ತೆರೆಯುವ ಬಾಗಿಲಿದ್ದರೆ ತೆರೆದಿಡಿ. ಒಬ್ಬರು ಕಿಟಕಿಯಿಂದ ಕಣ್ಣಿಟ್ಟಿರಲಿ. ಕಣ್ಣು ತಪ್ಪಿಸಿಕೊಂಡ ಹಾವನ್ನು ಹುಡುಕುವುದು ಬಲು ಕಷ್ಟ. ನಂತರ 1926ಕ್ಕೆ ಅಥವಾ ಗೋಡೆಯ ಮೇಲಿನ ನಂಬರಿಗೆ ಕರೆ. ಬಂದವರು ಹಾವನ್ನು ಕೊರಳಿಗೆ ಸುತ್ತಿಕೊಂಡು ವಿಡಿಯೊ ಮಾಡಿಸುವ ಪೈಕಿಯಾದರೆ ಮುಂದಿನ ಸಲ ಅವರನ್ನು ಕರೆಯಬೇಡಿ. ಒಳ್ಳೆಯವರು ಕೊಕ್ಕೆ, ಪೈಪು, ಚೀಲ ಬಳಸುತ್ತಾರೆ, ಮಾತು ಕಡಿಮೆ. ಹಾವನ್ನು ಹತ್ತಿರದಲ್ಲೇ ಬಿಟ್ಟರೆ ಆಕ್ಷೇಪಿಸಬೇಡಿ. ದೂರದ ಕಾಡಿಗೆ ಒಯ್ದು ಬಿಟ್ಟ ಹಾವಿಗೆ ಅಲ್ಲಿಯ ಬಿಲವೂ ಗೊತ್ತಿಲ್ಲ, ಬೇಟೆಯೂ ಗೊತ್ತಿಲ್ಲ. ಅಲೆದು ಅಲೆದು ಬೇರೆ ಯಾರದೋ ಮನೆ ಸೇರುತ್ತದೆ.

ಕೊಲ್ಲುವುದು, ಹಿಡಿದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಊರಿನ ಕಾಯ್ದೆ ಅದಕ್ಕಿಂತ ಹಳೆಯದು. ನಾಗರಹಾವು ಸತ್ತರೆ ಜನ ಕುಕ್ಕೆಗೆ ಹೋಗಿ ಸಂಸ್ಕಾರ ಮಾಡಿಸುತ್ತಾರೆ. ಅದೇ ಜನ ಮಂಡಲ ಕಂಡರೆ ಕೋಲು ಹುಡುಕುವುದನ್ನು ನೋಡಿದಾಗ ನನಗೆ ನಗುವೂ ಬರುತ್ತದೆ, ನನ್ನ ತೋಳಹಾವೂ ನೆನಪಾಗುತ್ತದೆ. ಇನ್ನೊಂದು ಮಾತು: ಕಚ್ಚಿಸಿಕೊಳ್ಳುವವರಲ್ಲಿ ಕೆಲವರು ಹಾವನ್ನು ಕೊಲ್ಲಲು ಅಥವಾ ಹಿಡಿಯಲು ಹೋದವರೇ.

7. ಕಚ್ಚಿದರೆ

ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಡಿತದಿಂದ ಸಾಯುತ್ತಾರೆಂಬ ಅಂದಾಜಿದೆ. ತಡವಾಗಿ ಆಸ್ಪತ್ರೆಗೆ ಹೋಗುವುದು ಇದಕ್ಕೆ ದೊಡ್ಡ ಕಾರಣ. ನಾಟಿ ಮದ್ದು, ಮಂತ್ರ, ಕಲ್ಲು ಅಂಟಿಸುವುದು ಎಂದು ಕಳೆಯುವ ಎರಡು ಗಂಟೆ ಮತ್ತೆ ಸಿಗುವುದಿಲ್ಲ. ವಿಷವಿಲ್ಲದ ಹಾವು ಕಚ್ಚಿದವರೆಲ್ಲ ಆ ಮದ್ದಿನಿಂದಲೇ ಬದುಕಿದೆವೆಂದು ಸಾಕ್ಷಿ ಹೇಳುತ್ತಾರೆ, ಅದರ ಹೆಸರು ಉಳಿದಿರುವುದೇ ಹಾಗೆ.

ಹಾವಿನಿಂದ ದೂರ ಬನ್ನಿ. ಕಚ್ಚಿಸಿಕೊಂಡವರನ್ನು ಕೂರಿಸಿ ಅಥವಾ ಮಲಗಿಸಿ, ನಡೆಸಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ, ವಾಚು ಕೂಡಲೇ ತೆಗೆಯಿರಿ, ಊದಿದ ಮೇಲೆ ಬರುವುದಿಲ್ಲ. ಕಚ್ಚಿದ ಕೈಯೋ ಕಾಲೋ ಅಲ್ಲಾಡದಂತೆ, ಮೂಳೆ ಮುರಿದಾಗ ಕಟ್ಟುವ ಹಾಗೆ ದಬ್ಬೆಯಿಟ್ಟು ಸಡಿಲವಾಗಿ ಕಟ್ಟಿ. ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು, ಐಸ್ ಇಡುವುದು ಬೇಡ. ಯಾರೋ ಆಗಲೇ ಬಿಗಿಯಾಗಿ ಹಗ್ಗ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚಬೇಡಿ, ವೈದ್ಯರ ಎದುರು ಬಿಚ್ಚಲಿ. ವಾಂತಿ ಬಂದರೆ ಎಡ ಮಗ್ಗುಲಿಗೆ ಮಲಗಿಸಿ. ಕಚ್ಚಿದ ಹೊತ್ತು ಬರೆದುಕೊಳ್ಳಿ. ದೂರದಿಂದ ಫೋಟೊ ಸಿಕ್ಕರೆ ತೆಗೆಯಿರಿ, ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಸತ್ತ ಹಾವನ್ನು ಚೀಲದಲ್ಲಿ ಒಯ್ಯುವುದೂ ಬೇಡ, ತುಂಡಾದ ತಲೆಯೂ ಕಚ್ಚಬಲ್ಲದು.

ಕಟ್ಟುಹಾವಿನ ಕಡಿತಕ್ಕೆ ಕೆಲವೊಮ್ಮೆ ಗುರುತೂ ಇರುವುದಿಲ್ಲ, ನೋವೂ ಇರುವುದಿಲ್ಲ. ರಾತ್ರಿ ಚೆನ್ನಾಗಿ ಮಲಗಿದವರು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ರೆಪ್ಪೆ ತೂಗಿ, ಮಾತು ತೊದಲಿದರೆ ಅಜೀರ್ಣವೆಂದು ಕಷಾಯ ಕುಡಿಸುತ್ತಾ ಕೂರಬೇಡಿ, ಗಾಡಿ ತೆಗೆಯಿರಿ. ಇಂತಹವರಿಗೆ ಉಸಿರಾಟದ ನೆರವು ಬೇಕಾಗುವುದರಿಂದ ವೆಂಟಿಲೇಟರ್ ಇರುವ ಆಸ್ಪತ್ರೆಯ ಮಾತು ಮೊದಲೇ ಎತ್ತಿದ್ದು. ಮಂಡಲ ಕಚ್ಚಿದರೆ ಊತ, ವಸಡಿನಲ್ಲಿ ರಕ್ತ, ಕೆಂಪು ಮೂತ್ರ ಕಾಣಬಹುದು. ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಹೆಪ್ಪುಗಟ್ಟುತ್ತದೆಯೇ ನೋಡುತ್ತಾರೆ. ಸುಮ್ಮನೆ ಕೂತಿದ್ದಾರೆಂದು ಜಗಳಕ್ಕೆ ನಿಲ್ಲಬೇಡಿ, ಅದೂ ಚಿಕಿತ್ಸೆಯ ಭಾಗ.

ನಮ್ಮ ದೇಶದ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ಘಟ್ಟದ ಗುಳಿಮಂಡಲಗಳಿಗೂ ಕಾಳಿಂಗಕ್ಕೂ ಅದು ಹೇಳಿ ಮಾಡಿಸಿದ್ದಲ್ಲ. ಹಾಗಾಗಿ ಗುಳಿಮಂಡಲ ಕಚ್ಚಿದಾಗ ವೈದ್ಯರು ಪ್ರತಿವಿಷ ಕೊಡದೆ ರಕ್ತ, ಮೂತ್ರ ಪರೀಕ್ಷಿಸುತ್ತಾ ನೋವಿಗೆ, ಊತಕ್ಕೆ ಮಾತ್ರ ಔಷಧ ಕೊಡಬಹುದು. ಅದನ್ನು ನಿರ್ಲಕ್ಷ್ಯವೆಂದುಕೊಳ್ಳಬೇಡಿ. ಫೋಟೊ ಇದ್ದರೆ ಉಪಯೋಗಕ್ಕೆ ಬರುವುದು ಇಲ್ಲೇ. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತ ಅಧಿಸೂಚಿತ ಕಾಯಿಲೆ, ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ಆರೋಗ್ಯ ಇಲಾಖೆಗೆ ವರದಿ ಮಾಡಬೇಕು.

ಲಕ್ಷಣವೇನೂ ಕಾಣದಿದ್ದರೂ 24 ಗಂಟೆ ಆಸ್ಪತ್ರೆಯಲ್ಲೇ ಇರಿ. ತೋಟದ ಕೆಲಸ ನಿಂತಿದೆ, ಹಸು ಕರೆಯಬೇಕು ಎಂದು ಬರೆದುಕೊಟ್ಟು ಎದ್ದು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಮಂಡಲಗಳ ಕಡಿತವಾದರೆ ಬಿಡುಗಡೆಯಾದ ಮೇಲೂ ವೈದ್ಯರು ಹೇಳಿದ ದಿನ ಹೋಗಿ ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಪ್ರತಿವಿಷ ಪಡೆದವರಿಗೆ ಒಂದೆರಡು ವಾರದ ನಂತರ ಜ್ವರ, ತುರಿಕೆ, ಕೀಲುನೋವು ಬರಬಹುದು. ಆಗ ಹಾವಿನ ದೋಷವೆಂದು ನಿಮಿತ್ತ ಕೇಳಲು ಹೋಗದೆ, ಬಿಡುಗಡೆಯ ಚೀಟಿ ಹಿಡಿದು ಅದೇ ಆಸ್ಪತ್ರೆಗೆ ವಾಪಸು ಹೋಗಿ.